ಚೆಂದುಳ್ಳಿಯ ಎಡೆ

ರಣಹದ್ದಿನ ಬಗ್ಗೆ ಒಳ್ಳೆಯ ಮಾತಾಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ಮಾವನ ಆಸ್ತಿಗೆ ಕಾದು ಕೂತ ಅಳಿಯನಿಗೆ ರಣಹದ್ದು ಅನ್ನುವರು. ಚುನಾವಣೆಯ ಹೊತ್ತಿಗೆ ಮಾತ್ರ ಊರಿಗೆ ಬರುವವರಿಗೂ ಅದೇ ಹೆಸರು. ಹೀಗೆ ಬೈಗುಳದಲ್ಲಿ ಆರಾಮಾಗಿ ಬದುಕಿದ್ದ ಹಕ್ಕಿ, ನಮ್ಮ ಹೆಬ್ಬಂಡೆ ಗುಡ್ಡದ ಮೇಲೆ ಮಾತ್ರ ಒಂದೂ ಉಳಿದಿರಲಿಲ್ಲ. ನಾನು ಈ ಹೋಬಳಿಯ ದನದ ಡಾಕ್ಟರು. ಡಾಕ್ಟರ್ ಕುಮುದಿನಿ ಹತ್ವಾರ ಎಂಬ ಮಹಾತಾಯಿ ಇಲ್ಲಿಗೆ ಬರುವ ತನಕ ನಾನೂ ಒಂದು ರಣಹದ್ದನ್ನು ಕಣ್ಣಾರೆ ಕಂಡವನಲ್ಲ.

ಮಹಾತಾಯಿ ಅಂದದ್ದು ಕುಚೋದ್ಯಕ್ಕಲ್ಲ. ಅದನ್ನು ಹೇಳುವ ಮೊದಲು ಆ ಹಕ್ಕಿಗಳು ಹೋದದ್ದು ಹೇಗೆಂದು ಹೇಳಬೇಕು, ಯಾಕೆಂದರೆ ಅದರಲ್ಲಿ ನಮ್ಮ ಕಸುಬಿನವರ ಪಾಲು ದೊಡ್ಡದು. ದನಕ್ಕೆ ಕಾಲುನೋವು ಬರಲಿ, ಕೆಚ್ಚಲು ಬಾವು ಬರಲಿ, ಹಿಂದಿನ ತಲೆಮಾರಿನ ಡಾಕ್ಟರುಗಳು ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಚುಚ್ಚುತ್ತಿದ್ದರು. ದನಕ್ಕೆ ಹಾಯೆನಿಸುತ್ತಿತ್ತು. ಆದರೆ ಆ ದನ ಬೇಗನೆ ಸತ್ತರೆ ಮದ್ದು ಮಾಂಸದಲ್ಲೇ ಉಳಿಯುತ್ತಿತ್ತು. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಡುತ್ತಿತ್ತು. ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ಒಳಗೇ ನಿಂತು, ಹೃದಯದ ಮೇಲೆ, ಯಕೃತ್ತಿನ ಮೇಲೆ ಸುಣ್ಣ ಬಳಿದ ಹಾಗೆ ಕೂರುತ್ತಿತ್ತು. ಹಕ್ಕಿ ಕತ್ತು ಇಳಿಬಿಟ್ಟು ಕೂತಿದ್ದು, ಒಂದೆರಡು ದಿನದಲ್ಲಿ ಕೆಳಗೆ ಬೀಳುತ್ತಿತ್ತು. ಆಕಾಶದ ತುಂಬ ಇದ್ದ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಇಲ್ಲವೆನ್ನುವಷ್ಟಾದವು. ಆ ಮದ್ದನ್ನು ನಿಷೇಧಿಸಿದರು, ಅದರ ದಾಯಾದಿ ಮದ್ದುಗಳು ಬಂದವು. ಅವುಗಳಲ್ಲೂ ಕೆಲವು ಅದೇ ಕೆಲಸ ಮಾಡಿದವು.

ಕುಮುದಿನಿಯವರು ಉಡುಪಿ ಕಡೆಯವರು, ಹಕ್ಕಿಗಳ ಜೀನ್ ಓದಿದ ವಿಜ್ಞಾನಿ. ಮೊದಲ ಭೇಟಿಯಲ್ಲೇ ನನ್ನನ್ನು ಕೇಳಿದರು. "ಡಾಕ್ಟ್ರೇ, ನೀವು ಮದ್ದು ಬದಲಾಯಿಸ್ತಾ ಹೋಗ್ತೀರಿ, ಹಕ್ಕಿ ಸಾಯ್ತಾ ಹೋಗ್ತದೆ. ಹಕ್ಕಿಗೇ ಆ ಮದ್ದನ್ನ ಅರಗಿಸಿಕೊಳ್ಲಿಕ್ಕೆ ಬಂದ್ರೆ?"

ನಾನು ನಕ್ಕೆ. ಅವರು ನಗಲಿಲ್ಲ.

ಅಮೆರಿಕದಲ್ಲಿ ಟರ್ಕಿ ರಣಹದ್ದು ಎಂಬ ಹಕ್ಕಿ ಇದೆ. ನಮ್ಮ ರಣಹದ್ದಿಗೆ ಹೆಸರಿನಲ್ಲಿ ಮಾತ್ರ ನೆಂಟ. ಆ ಹಕ್ಕಿಗೆ ಈ ಮದ್ದು ಏನೂ ಮಾಡುವುದಿಲ್ಲ. ಅದರ ಮೈಯಲ್ಲಿ ಮದ್ದನ್ನು ಮುರಿಯುವ ಕಿಣ್ವವೊಂದು ತಯಾರಾಗುತ್ತದೆಂದೂ, ಅದನ್ನು ಮಾಡಿಸುವ ಜೀನ್ ನಮ್ಮ ಹಕ್ಕಿಯಲ್ಲೂ ಇದ್ದು ಯಾವುದೋ ಕಾಲದಲ್ಲಿ ಕೆಟ್ಟು ಸುಮ್ಮನೆ ಬಿದ್ದಿದೆಯೆಂದೂ ಕುಮುದಿನಿಯವರು ಕಂಡುಕೊಂಡರು. ಕೆಟ್ಟದ್ದನ್ನು ರಿಪೇರಿ ಮಾಡಬೇಕು, ಅಷ್ಟೇ. ಆದರೆ ಆ 'ಅಷ್ಟೇ'ಗೆ ಅವರ ಅರ್ಧ ಆಯಸ್ಸು ಹೋಯಿತು. ಮೊಟ್ಟೆಯೊಳಗಿನ ಭ್ರೂಣದ ರಕ್ತದಲ್ಲಿ ಮುಂದಿನ ಪೀಳಿಗೆಯ ಬೀಜಕೋಶಗಳು ಒಂದಷ್ಟು ಹೊತ್ತು ಅಲೆಯುತ್ತಿರುತ್ತವೆ. ಆಗ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಂದು ತೊಟ್ಟು ರಕ್ತ ತೆಗೆದು, ಆ ಕೋಶಗಳಲ್ಲಿ ಜೀನನ್ನು ತಿದ್ದಿ, ವಾಪಸು ಮೊಟ್ಟೆಗೇ ಬಿಟ್ಟು ಕಿಟಕಿ ಮುಚ್ಚಬೇಕು. ಆ ಮರಿ ದೊಡ್ಡದಾಗಿ ಇಡುವ ಮೊಟ್ಟೆಯಿಂದ ತಿದ್ದಿದ ಹಕ್ಕಿ ಬರುತ್ತದೆ. ಬಂದರೆ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಮೊದಲ ಮೊಟ್ಟೆಗೆ ಐದಾರು ವರ್ಷ ಕಾಯಿಸುತ್ತದೆ. ಕಪ್ಪು ಜಡೆ ಹಾಕಿಕೊಂಡು ನಮ್ಮೂರಿಗೆ ಬಂದ ಹೆಂಗಸಿಗೆ ಗುಡ್ಡದ ಬುಡದಲ್ಲಿಯೇ ತಲೆ ಬೆಳ್ಳಗಾಯಿತು. ನಾನಾಗಿದ್ದರೆ ಎರಡನೇ ವರ್ಷಕ್ಕೇ ಕೋಳಿ ಫಾರಂ ಇಟ್ಟುಕೊಂಡು ಬಿಡುತ್ತಿದ್ದೆ.

ಕೊನೆಗೆ ಅವರ ಪ್ರಯೋಗಾಲಯದ ಪಕ್ಕದ ಜಾಲರಿ ಮನೆಯಲ್ಲಿ ತಿದ್ದಿದ ಹಕ್ಕಿಗಳ ಒಂದು ಸಣ್ಣ ಹಿಂಡೇ ಬೆಳೆಯಿತು. ಎತ್ತರದ ಜಾಲರಿ, ಒಳಗೆ ಕಲ್ಲಿನ ಗೂಡುಗಳು, ಸುಲಿದ ಮಾಂಸ ಇಡಲು ಒಂದು ಕಟ್ಟೆ. ಮಾಂಸ ಇಟ್ಟ ಕೂಡಲೇ ಕಾಗೆಗಳು ಜಾಲರಿಯ ಸಂದಿಯಲ್ಲಿ ನುಗ್ಗಿ ಗಲಾಟೆ ಎಬ್ಬಿಸುತ್ತಿದ್ದವು. ಅವನ್ನು ಓಡಿಸುವುದೇ ಅಲ್ಲಿನವರಿಗೆ ದಿನದ ಕೆಲಸವಾಗಿತ್ತು. ಹಿಂಡಿನಲ್ಲಿ ಒಂದು ಗಂಡಿಗೆ ಯಾರನ್ನು ಕಂಡರೂ ಆಗದು, ಕುಮುದಿನಿಯವರ ಕೈಯನ್ನೇ ಎರಡು ಸಲ ಕಚ್ಚಿತ್ತು. ಅದಕ್ಕೆ ಮುಂಗೋಪಿ ಎಂದು ಹೆಸರಿಟ್ಟಿದ್ದರು. ಅವರಿಗೆ ಅದರ ಮೇಲೇ ಪ್ರೀತಿ ಹೆಚ್ಚು.

ಆದರೆ ಹಕ್ಕಿಗಳನ್ನು ಬಿಡಲು ಮೇಲಿನ ಸಮಿತಿ ಒಂದು ಷರತ್ತು ಹಾಕಿತು. ಕೊಳವೆಯಲ್ಲಿ, ಸೂಜಿಯಲ್ಲಿ ಮಾಡಿದ ಪರೀಕ್ಷೆ ಸಾಲದು. ನಿಜವಾಗಿ ಮದ್ದು ಚುಚ್ಚಿಸಿಕೊಂಡು ತಾನಾಗಿ ಸತ್ತ ದನವನ್ನು ಬಯಲಿನಲ್ಲಿ ತಿಂದು ಅವು ಬದುಕಬೇಕು. ಬದುಕಿದರೆ ಗುಡ್ಡ ಅವುಗಳದು. ಇಲ್ಲವಾದರೆ ಉಳಿದವು ಸಾಯುವ ತನಕ ಜಾಲರಿಯಲ್ಲೇ, ಯೋಜನೆ ಅಲ್ಲಿಗೇ ಮುಗಿಯಿತು. ಪರೀಕ್ಷೆಗೆಂದು ದನ ಸಾಯಿಸಲು ಕಾನೂನು ಬಿಡದು, ಕುಮುದಿನಿಯವರ ಮನಸ್ಸಂತೂ ಮೊದಲೇ ಬಿಡದು. ತಾನಾಗಿ ಸತ್ತದ್ದನ್ನು ಕೊಡುವವರೂ ಇರಲಿಲ್ಲ. ನಮ್ಮ ಕಡೆ ಮನೆಯ ಹಸು ಸತ್ತರೆ ಹೊಲದಲ್ಲಿ ಗುಣಿ ತೋಡಿ, ಉಪ್ಪು ಅರಿಶಿನ ಹಾಕಿ ಮಣ್ಣು ಮಾಡುತ್ತಾರೆ. ಹದ್ದಿಗೆ ಹಾಕುವುದೆಂದರೆ ದಿಕ್ಕಿಲ್ಲದ ಹೆಣದ ಗತಿ. ಎರಡು ವರ್ಷ ಹಾಗೇ ಕಳೆಯಿತು.

ಅಷ್ಟರಲ್ಲಿ ಹೆಬ್ಬಂಡೆದೊಡ್ಡಿಯ ಹೊಂಬಾಳಮ್ಮನ ಹಸು ನೆಲ ಹಿಡಿಯಿತು.

ಹೊಂಬಾಳಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಹೆಂಗಸು. ಗಂಡ ಹೋದ ಮೇಲೆ ಹುಳದ ಮನೆಯಲ್ಲಿ ಹುಳುಗಳಿಗೆ ಬೈಯುತ್ತ, ಕೊಟ್ಟಿಗೆಯಲ್ಲಿ ಹಸುವನ್ನು ಮುದ್ದು ಮಾಡುತ್ತ ದಿನ ತೆಗೆಯುವವರು. ಹಸುವಿನ ಹೆಸರು ಚೆಂದುಳ್ಳಿ. ಹಳ್ಳಿಕಾರ್ ತಳಿ, ನೀಳ ಕೊಂಬು. ಪ್ರಾಯದಲ್ಲಿ ಗುಡ್ಡಕ್ಕೆ ಮೇಯಲು ಹೋಗುವಾಗ ಎಲ್ಲ ದನಕ್ಕಿಂತ ಮುಂದೆ ಓಡುತ್ತಿತ್ತು. ಸಂಜೆ ಹೊಂಬಾಳಮ್ಮ ಬುಡದಲ್ಲಿ ನಿಂತು "ಚೆಂದುಳ್ಳೀ, ಇಳ್ಕೊಂಡ್ ಬಾರವ್ವೋ" ಎಂದು ಕೂಗಿದರೆ ಊರಿಗೆಲ್ಲ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಗುಡ್ಡದ ಬುಡದವರೆಗೆ ಕುಂಟುತ್ತ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಬೇರೆ ದನಗಳು ಮೇಲೆ ಹತ್ತುವುದನ್ನು ನೋಡುತ್ತ, ಅವು ಇಳಿದು ಬರುವ ತನಕ ಕದಲುತ್ತಿರಲಿಲ್ಲ. ಅದು ನಿಂತು ನಿಂತು ಆ ಜಾಗದಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ.

ಹದ್ದಿಗೆ ಹಾನಿಯಿಲ್ಲದ ಮದ್ದುಗಳನ್ನೆಲ್ಲ ಹಾಕಿ ನೋಡಿದೆ. ಕೊನೆಕೊನೆಗೆ ಅವು ನಾಟಲಿಲ್ಲ. ನೋವಿಗೆ ಹಸು ಹಲ್ಲು ಕಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು.

"ಜೋರಿಂದು ಹಾಕುದ್ರೆ ಎದ್ದಾಳಾ ಡಾಕ್ಟ್ರೇ?" ಎಂದರು ಹೊಂಬಾಳಮ್ಮ.

"ಏಳಲ್ಲ ಕಣಮ್ಮ. ನೋವು ಒಸಿ ಕಮ್ಮಿ ಆಯ್ತದೆ, ಅಷ್ಟೇಯ."

"ಹಾಕಿ ಮತ್ತೆ. ನೋಯ್ದಂಗೆ ಹೋಗ್ಲಿ."

ಅನುಮತಿ ತರಿಸಿ ಆ ಹಳೆಯ ಜಾತಿಯ ಮದ್ದನ್ನೇ ಹಾಕಿದೆ. ವಿಷಯ ಕುಮುದಿನಿಯವರಿಗೂ ತಿಳಿಸಿದೆ. ಅವರು ತಡಮಾಡದೆ ಬಂದು, ಕೊಟ್ಟಿಗೆಯ ನೆಲದಲ್ಲೇ ಕೂತರು. ಹಸುವಿನ ಕಿವಿ ಸವರಿದರು. ಆಮೇಲೆ ಸುತ್ತುಬಳಸು ಇಲ್ಲದೆ ಕೇಳಿಬಿಟ್ಟರು.

ಹೊಂಬಾಳಮ್ಮನ ಮುಖ ಕೆಂಪಾಯಿತು. "ಮಗಳಂಗೆ ಸಾಕಿವ್ನಿ. ಹರ್ಕೊಂಡ್ ತಿನ್ಲಿ ಅಂತ ಕೊಡಾಕಾಯ್ತದಾ ಮೇಡಮ್ಮೋರೇ?"

"ಇಲ್ಲ ಅಂದ್ರೂ ನಂಗೆ ಬೇಜಾರಿಲ್ಲ ಅಮ್ಮ. ಕೇಳದೆ ಹೋಗಿದ್ರೆ ಬೇಜಾರಾಗ್ತಿತ್ತು."

ಹುಳದ ಮನೆಯಿಂದ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ಆಮೇಲೆ ಹೊಂಬಾಳಮ್ಮನೇ ಕೇಳಿದರು. "ಇವಳ ಮೈನಲ್ಲಿ ಆ ಮದ್ದು ಐತಲ್ಲ. ತಿಂದು ಅವು ಸತ್ತೋದ್ರೆ?"

"ಸಾಯುವುದಿಲ್ಲ ಅಂತ ನಂಬಿಕೆ."

"ನಂಬ್ಕೆ ಬುಡಿ. ಗೊತ್ತಾ?"

"ಗೊತ್ತಿಲ್ಲ," ಎಂದರು ಕುಮುದಿನಿ.

ನನಗೆ ಮೈಯುರಿಯಿತು. ಇಷ್ಟು ವರ್ಷ ಕಾದು, ಕೈಗೆ ಬಂದದ್ದನ್ನು ಒಂದು ಸುಳ್ಳು ಹೇಳಿ ಉಳಿಸಿಕೊಳ್ಳಬಾರದೇ ಈ ಹೆಂಗಸು ಅನ್ನಿಸಿತು. ಹೊಂಬಾಳಮ್ಮ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದರು.

"ಕೊಡ್ತೀನಿ. ಆದ್ರೆ ಒಂದ್ ಹೇಳ್ತೀನಿ ಕೇಳಿ. ಇವಳು ಹುಟ್ಟಿದಾಗ್ಲಿಂದ ಒಬ್ರಿಗೂ ಕೊಂಬು ತೋರ್ಸಿದೋಳಲ್ಲ. ಸತ್ ಮೇಲೆ ಕೊಂದೋಳು ಅನ್ನುಸ್ಕೊಬಾರ್ದು."

ಮಾರನೆಯ ಬೆಳಿಗ್ಗೆ ಚೆಂದುಳ್ಳಿ ಹೋಯಿತು. ಹಲ್ಲು ಕಡಿಯಲಿಲ್ಲ, ಅದೊಂದು ಸಮಾಧಾನ.

ಟ್ರ್ಯಾಕ್ಟರಿನಲ್ಲಿ ಗುಡ್ಡದ ಪಕ್ಕದ ಚಪ್ಪಟೆ ಬಂಡೆಗೆ ಸಾಗಿಸಿದೆವು. ಬೇಡವೆಂದರೂ ಊರೇ ಬಂತು. ಬಂದವರು ಬರಿಗೈಲಿ ಬರಲಿಲ್ಲ. ಹಸುವಿನ ಮೈಗೆಲ್ಲ ಅರಿಶಿನ ಬಳಿದರು. ಹಣೆಗೆ ಕುಂಕುಮ, ಕೊಂಬಿಗೆ ಚೆಂಡುಹೂವು, ಸುತ್ತ ಊದುಬತ್ತಿ. ಹೊಂಬಾಳಮ್ಮ ಪೆಟ್ಟಿಗೆಯಲ್ಲಿದ್ದ ಹಸಿರು ರೇಷ್ಮೆ ಸೀರೆ ತಂದು ಹೊದಿಸಿದರು. ಮಗಳನ್ನು ಕಳಿಸುವಾಗ ಹೇಗೋ ಹಾಗೆ. ಕುಮುದಿನಿಯವರು ತಡೆಯಲಿಲ್ಲ. ಇಷ್ಟು ಕೊಟ್ಟವರಿಗೆ ಇದು ಬೇಡ ಅನ್ನಲು ತಮಗೆ ಹಕ್ಕಿಲ್ಲವೆಂದು ಆಮೇಲೆ ನನ್ನ ಹತ್ತಿರ ಹೇಳಿದರು. ಅವರ ಕಡೆಯಿಂದಲೂ ಒಂದು ಅಲಂಕಾರ ಆಗಿತ್ತು. ಯಾವ ಹಕ್ಕಿ ಎಷ್ಟು ತಿಂದಿತೆಂಬ ಲೆಕ್ಕ ಕೆಡಬಾರದೆಂದು, ಕಾಗೆ ನಾಯಿ ಹತ್ತಿರ ಬಾರದಂತೆ ಬಂಡೆಯ ಸುತ್ತ ಮಿಂಚುವ ಪಟ್ಟಿ ಕಟ್ಟಿಸಿದ್ದರು.

ಜಾಲರಿಯ ಮಾಡು ತೆರೆಯಿತು. ಹಸಿದಿದ್ದ ಹಕ್ಕಿಗಳು ಒಂದೊಂದಾಗಿ ಹೊರಗೆ ಬಂದು ಮೇಲಿನ ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಕೂತವು. ನಾವೆಲ್ಲ ದೂರದ ಹುಣಸೆ ಮರದ ಕೆಳಗೆ ಕೂತೆವು. ಹಕ್ಕಿಗಳು ನಮ್ಮನ್ನು ನೋಡಿದವು, ಹಸುವನ್ನು ನೋಡಿದವು, ರೆಕ್ಕೆ ಬಿಡಿಸಿ ಬಿಸಿಲು ಕಾಯಿಸಿದವು. ಇಳಿಯಲಿಲ್ಲ. ಬಿಸಿಲೇರಿತು. ಊದುಬತ್ತಿ ಉರಿದು ಮುಗಿಯಿತು. ಒಂದೂ ಇಳಿಯಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಎಡೆ ಇಟ್ಟು, ದೂರ ಸರಿದು ಕಾಗೆಗೆ ಕಾಯುವುದು ರೂಢಿ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಬದುಕಿರುವವರು ಒಬ್ಬೊಬ್ಬರಾಗಿ ಕೂಗಿ ಮಾತು ಕೊಡಬೇಕು. ಮಗಳ ಮದುವೆ ನಾವು ಮಾಡುತ್ತೇವೆ, ತಮ್ಮನ ಜೊತೆ ಜಗಳ ಬಿಡುತ್ತೇವೆ, ಹೀಗೆ. ಯಾರ ಮಾತಿಗೆ ಕಾಗೆ ಬಂತೋ ಅದೇ ಆಸೆ. ಊರಿನ ಹಿರಿಯ ಮರಿಜೋಗಯ್ಯ ಎದ್ದು ನಿಂತ.

"ಎಡೆ ಮುಟ್ತಾ ಇಲ್ಲ ಕನ್ರಪ್ಪಾ. ಅವಳ್ಗೇನೋ ಆಸೆ ಐತೆ. ಮಾತ್ ಕೊಡಿ."

ನಾನು ಕುಮುದಿನಿಯವರನ್ನು ನೋಡಿದೆ. ಅವರು ದುರ್ಬೀನು ಕೆಳಗಿಳಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

"ನಿನ್ ಮೊಮ್ಮಗಳು ಕರೂನ ಯಾರ್ಗೂ ಮಾರಲ್ಲ ಕಣವ್ವೋ," ಎಂದು ಒಬ್ಬಳು ಕೂಗಿದಳು. ಹಕ್ಕಿ ಕದಲಲಿಲ್ಲ. "ನಿನ್ ಗಂಟೆ ಬಸವಣ್ಣನ ಗುಡೀಗ್ ಕಟ್ತೀವಿ." ಊಹೂಂ. ಆಗ ಎಲ್ಲರೂ ತಿರುಗಿ ಸಣ್ಣೀರೇಗೌಡನನ್ನು ನೋಡಿದರು. ಗುಡ್ಡದ ಬುಡದ ಗೋಮಾಳಕ್ಕೆ ಬೇಲಿ ಹಾಕಿಕೊಂಡು ಮಾವಿನ ಸಸಿ ನೆಟ್ಟ ಪುಣ್ಯಾತ್ಮ ಅವನು. ತಹಸೀಲ್ದಾರರ ನೋಟೀಸಿಗೂ ಜಗ್ಗಿರಲಿಲ್ಲ.

"ನನ್ಯಾಕ್ ನೋಡೀರಿ?"

"ಯಾಕೇಂತ ಹಸೂಗ್ ಗೊತ್ತು," ಎಂದ ಮರಿಜೋಗಯ್ಯ.

ಸಣ್ಣೀರೇಗೌಡ ಬೆವರು ಒರೆಸಿಕೊಂಡ. ಕೊನೆಗೆ "ಬೇಲಿ ತೆಗೀತೀನಿ ಕಣವ್ವ, ಮೇಯ್ಕಳ್ಲಿ ಎಲ್ಲಾವೂ" ಎಂದು ಗೊಣಗಿದ. "ಜೋರಾಗ್ ಹೇಳ್ಲಾ" ಎಂದರು. ಜೋರಾಗಿ ಹೇಳಿದ. ಆದರೂ ಹಕ್ಕಿ ಬರಲಿಲ್ಲ. ಅವನು ರೇಗಿದ. "ನಂದ್ ಬೇಲಿನೂ ಹೋಯ್ತು, ಹಕ್ಕಿನೂ ಬರ್ನಿಲ್ಲ. ಅಲ್ಲ ಕನ್ರಪ್ಪಾ, ಎಡೆಗೆ ಮೊದ್ಲು ಕಾಗೆ ತಾನೇ ಬರ್ಬೇಕು? ಕಾಗೆನೇ ಇಲ್ವಲ್ಲ ಇಲ್ಲಿ!"

ಕುಮುದಿನಿಯವರು ತಟ್ಟನೆ ಎದ್ದರು. "ಏನಂದ್ರಿ? ಕಾಗೆ?" ಎಂದರು. ಆಮೇಲೆ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು. "ಡಾಕ್ಟ್ರೇ, ನಮ್ಮ ಹಕ್ಕಿಗಳಿಗೆ ಊಟ ಅಂದ್ರೆ ಕಾಗೆ ಗಲಾಟೆ! ಹುಟ್ಟಿದಲ್ಲಿಂದ ಅವು ಒಮ್ಮೆಯೂ ಕಾಗೆಗಿಂತ ಮೊದಲು ಕಟ್ಟೆಗೆ ಇಳಿದದ್ದಿಲ್ಲ. ಕಾಡಿನಲ್ಲೂ ಅಷ್ಟೇ, ಕಾಗೆ ಧೈರ್ಯವಾಗಿ ತಿಂದ್ರೆ ಅದು ನಿಜವಾಗಿ ಸತ್ತದ್ದು, ಅಪಾಯ ಇಲ್ಲ ಅಂತ ಅರ್ಥ. ಆ ಕಾಗೆಯನ್ನೇ ನಾನು ಪಟ್ಟಿ ಕಟ್ಟಿ ಓಡಿಸಿ ಕೂತಿದ್ದೇನೆ!" ಎಂದು ಓಡಿದರು. ಅರವತ್ತರ ಹತ್ತಿರದ ಹೆಂಗಸು, ಸೆರಗು ಸಿಕ್ಕಿಸಿಕೊಂಡು, ಬಂಡೆಯ ಸುತ್ತ ಮಿಂಚುಪಟ್ಟಿಯನ್ನು ಕೈಯಿಂದ ಕಿತ್ತು ಕಿತ್ತು ಸುತ್ತಿದರು. ಸೀರೆಯ ಹತ್ತಿರ ಬಂದು ಮಾತ್ರ ನಿಂತರು.

ಹೊಂಬಾಳಮ್ಮ ತಾವೇ ಹೋದರು. ಹೂ ಬಿಚ್ಚಿದರು. ಸೀರೆ ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಹಸುವಿನ ಹಣೆಯ ಮೇಲೆ ಕೈಯಿಟ್ಟು ಏನೋ ಹೇಳಲು ಹೋಗಿ, ಹೇಳದೆ ವಾಪಸಾದರು. ಎಲ್ಲರೂ ಒಂದೊಂದು ಮಾತು ಕೊಟ್ಟ ಆ ದಿನ ಮಾತು ಕೊಡದವರು ಅವರೊಬ್ಬರೇ.

ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂತು. ಅದು ಕೂಗಿ ಹತ್ತನ್ನು ಕರೆಯಿತು. ಅವು ಕಿತ್ತಾಡತೊಡಗಿದ ಕೂಡಲೇ ಮೇಲಿನ ಅಂಚಿನಲ್ಲಿ ಒಂದು ಕತ್ತು ಎದ್ದಿತು. ಮುಂಗೋಪಿ. ಅದು ರೆಕ್ಕೆ ಬಿಚ್ಚಿ ಇಳಿದದ್ದನ್ನು ನಾನು ಬಣ್ಣಿಸಲಾರೆ. ಅಷ್ಟು ದೊಡ್ಡ ಮೈ, ಒಂದು ಸಲವೂ ರೆಕ್ಕೆ ಬಡಿಯದೆ ಬಂದು ನಿಂತಿತು. ಅದರ ಹಿಂದೆ ಮಿಕ್ಕವೂ ಬಂದವು. ಆಮೇಲೆ ನಡೆದದ್ದು ನೋಡಲು ಚೆನ್ನಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರಲ್ಲಿ ಕೊಳಕು ಇರಲಿಲ್ಲ. ನಾಯಿ ತಿಂದು ಬಿಟ್ಟ ಹೆಣ ವಾರಗಟ್ಟಲೆ ನಾರುವುದನ್ನು ಜೀವಮಾನವೆಲ್ಲ ಕಂಡವನು ನಾನು. ಇಲ್ಲಿ ಬಿಸಿಲು ಇಳಿಯುವುದರೊಳಗೆ ಬಂಡೆಯ ಮೇಲೆ ಬಿಳಿ ಮೂಳೆ ಮಾತ್ರ ಇತ್ತು. ಹೊಂಬಾಳಮ್ಮ ಅಷ್ಟು ಹೊತ್ತೂ ಬೆನ್ನು ತಿರುಗಿಸಿ ಕೂತಿದ್ದರು.

ನಿಜವಾದ ಕಾಯುವಿಕೆ ಆಮೇಲೆ ಶುರುವಾಯಿತು. ಪ್ರತಿ ಹಕ್ಕಿಯ ಚರ್ಮದಡಿ ಅಕ್ಕಿಕಾಳಿನಷ್ಟು ಒಂದು ಬಿಲ್ಲೆ ಇತ್ತು. ಅದು ರಕ್ತದ ಯೂರಿಕ್ ಆಮ್ಲ ಅಳೆದು ಪ್ರಯೋಗಾಲಯದ ಪರದೆಗೆ ಕಳಿಸುತ್ತಿತ್ತು. ಪರದೆಯ ಮೇಲೆ ಒಂದೊಂದು ಹಕ್ಕಿಗೆ ಒಂದೊಂದು ಗೆರೆ. ಮಾರನೆಯ ಬೆಳಿಗ್ಗೆ ಎಲ್ಲ ಗೆರೆಗಳೂ ಏರುತ್ತಿದ್ದವು. ಮುಂಗೋಪಿಯದು ಎಲ್ಲಕ್ಕಿಂತ ಕಡಿದಾಗಿತ್ತು, ಮೊದಲು ಬಂದು ಜಾಸ್ತಿ ತಿಂದದ್ದು ಅದೇ ತಾನೆ.

"ತಿಂದ ಮೇಲೆ ಸ್ವಲ್ಪ ಏರ್ತದೆ," ಎಂದರು ಕುಮುದಿನಿ. ಎಷ್ಟು ಏರಬೇಕೆಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಹೊಂಬಾಳಮ್ಮ ಬಂದರು. ಮುದ್ದೆ, ಹುರುಳಿಕಾಳಿನ ಬಸ್ಸಾರು ಡಬ್ಬಿಯಲ್ಲಿ ತಂದಿದ್ದರು. "ಉಣ್ಣಿ. ನಾನ್ ಹುಳದ್ ಮನೇಲಿ ಕುಂತ್ರೆ ಕೈಯೇ ಓಡಾಕಿಲ್ಲ," ಎಂದು ನೆಲದ ಮೇಲೆ ಕೂತು, ಗೆರೆಗಳ ಅರ್ಥ ಕೇಳಿ ತಿಳಿದುಕೊಂಡರು. ಆಮೇಲೆ ಗೋಡೆಯ ಇನ್ನೊಂದು ಪರದೆ ನೋಡಿದರು. ಅದರಲ್ಲಿ ಗುಡ್ಡದ ಚಿತ್ರ ಬರುತ್ತಿತ್ತು.

"ಅದ್ಯಾಕೆ ಹಂಗ್ ಕುಂತದೆ ಅದು?"

ಮುಂಗೋಪಿ ಕತ್ತು ಇಳಿಬಿಟ್ಟು ಕೂತಿತ್ತು. ಆ ಭಂಗಿಯ ಚಿತ್ರವನ್ನು ನಾನು ಪುಸ್ತಕಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಬಿಸಿಲಿಗೂ ಹಾಗೆ ಕೂರುತ್ತವೆ ಎಂದು ಹೇಳಬಹುದಿತ್ತು, ಅದು ನಿಜವೂ ಹೌದು. ಕುಮುದಿನಿಯವರು ಅಷ್ಟನ್ನೇ ಹೇಳಿ ಸಮಾಧಾನ ಮಾಡಲಿಲ್ಲ. ತುತ್ತು ಕೈಯಲ್ಲೇ ಇತ್ತು.

"ಅಮ್ಮ, ಬಿಸಿಲಿಗೂ ಇರಬಹುದು, ಮದ್ದಿಗೂ ಇರಬಹುದು. ನಾಳೆಯವರೆಗೆ ನಂಗೂ ಗೊತ್ತಾಗುವುದಿಲ್ಲ."

ಹೊಂಬಾಳಮ್ಮ ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. "ಅಯ್ಯೋ ಚೆಂದುಳ್ಳಿ," ಎಂದಷ್ಟೇ ಅಂದು, ಖಾಲಿಯಾಗದ ಡಬ್ಬಿ ಎತ್ತಿಕೊಂಡು ಹೊರಟುಹೋದರು. ಒಂದು ಹಸು, ಒಂದು ಹಕ್ಕಿ, ಇಬ್ಬರು ಹೆಂಗಸರು. ಯಾರಿಗಾಗಿ ಹೆಚ್ಚು ಹೆದರಬೇಕೆಂದು ನನಗೆ ತಿಳಿಯಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಎರೆಯುವುದು. ಹಸುವಿಗೆ ಅದನ್ನು ಮಾಡುವುದು ಕಡಿಮೆ, ಆದರೆ ಹೊಂಬಾಳಮ್ಮ ಮಾಡದೆ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಏನು ಹೇಳುವುದೆಂದು ಯೋಚಿಸುತ್ತ ಬೆಳಿಗ್ಗೆಯೇ ಪ್ರಯೋಗಾಲಯಕ್ಕೆ ಹೋದೆ. ಕುಮುದಿನಿಯವರು ಪರದೆಯ ಮುಂದೆ ನಿಂತಿದ್ದರು. ತಿರುಗಲಿಲ್ಲ. ಬೆರಳು ತೋರಿಸಿದರು.

ಗೆರೆಗಳು ಇಳಿಯುತ್ತಿದ್ದವು. ಒಂದಲ್ಲ, ಎಲ್ಲವೂ. ಮುಂಗೋಪಿಯದು ಎಲ್ಲಕ್ಕಿಂತ ಎತ್ತರದಿಂದ ಇಳಿದು ಮಿಕ್ಕವುಗಳ ಜೊತೆ ಸೇರಿಕೊಂಡಿತ್ತು. ಎಂದೋ ಕೆಟ್ಟು ಬಿದ್ದಿದ್ದ ಒಂದು ಜೀನು, ಈ ಹೆಂಗಸಿನ ಕೈಯಲ್ಲಿ ರಿಪೇರಿಯಾಗಿ, ಎರಡು ದಿನ ಯಾರಿಗೂ ಕಾಣದ ಹಾಗೆ ದುಡಿದು ವಿಷವನ್ನು ಅರಗಿಸಿತ್ತು. ನಾನು ಕೈ ಮುಗಿದೆ. "ಎಂತದು ಡಾಕ್ಟ್ರೇ ನೀವು," ಎಂದು ಗದರಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು.

ಹೊಂಬಾಳಮ್ಮ ಗುಡ್ಡದ ಬುಡದಲ್ಲಿ ಹಾಲಿನ ಚೊಂಬು, ತುಪ್ಪದ ಬಟ್ಟಲು ಹಿಡಿದು ನಿಂತಿದ್ದರು. ನಾವ್ಯಾರೂ ಏನೂ ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು. ಅವರು ಮೇಲೆ ನೋಡುತ್ತಿದ್ದರು. ಹೆಬ್ಬಂಡೆಯ ನೆತ್ತಿಯ ಮೇಲೆ, ನಮ್ಮ ತಲೆಮಾರು ಕಾಣದಿದ್ದ ಅಷ್ಟಗಲ ರೆಕ್ಕೆಗಳು ಸುತ್ತು ಹಾಕುತ್ತಿದ್ದವು. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಮೇಲೆ ಮುಂಗೋಪಿ.

"ಎಲ್ಲಿಗ್ ಹುಯ್ಯನ ಡಾಕ್ಟ್ರೇ? ಗುಣಿ ಇಲ್ಲ, ಗುಡ್ಡೆ ಇಲ್ಲ," ಎಂದರು.

ಹೊಂಬಾಳಮ್ಮ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರು. ಹುಲ್ಲು ಹುಟ್ಟದ ಆ ಜಾಗ, ಚೆಂದುಳ್ಳಿ ನಿಂತು ಮೇಲೆ ನೋಡುತ್ತಿದ್ದ ಜಾಗ, ಅಲ್ಲಿಗೆ ಹಾಲು ಎರೆದರು, ತುಪ್ಪ ಎರೆದರು. ಆಮೇಲೆ ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡಿ, ದಿನಾ ಸಂಜೆ ಕೂಗುತ್ತಿದ್ದ ಅದೇ ದನಿಯಲ್ಲಿ, ಆ ದಿನ ಬಾಕಿ ಉಳಿಸಿಕೊಂಡಿದ್ದ ಮಾತನ್ನು ಕೊಟ್ಟರು.

"ಇನ್ ಇಳ್ಕೊಂಡ್ ಬಾ ಅಂತ ಕೂಗಲ್ಲ ಕಣವ್ವೋ. ಅಲ್ಲೇ ಇರು."